ಬಾವಿಯಲ್ಲಿ ತೆಗೆದ ಐದನೆಯ ಫೋಟೊ

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಅರ್ಧ ಚಹಾ ಬಿಟ್ಟು ಎದ್ದು ಹೋಗುತ್ತಿದ್ದವನು ನಾನು. ಈಗ ನೀವೂ ಹಾಗೆ ಎದ್ದು ಹೋದರೆ ನನಗೇನೂ ಬೇಸರವಿಲ್ಲ. ನಂಬಿಸುವ ಹಟ ನನ್ನಲ್ಲಿ ಉಳಿದಿಲ್ಲ.

ಸೋಲಾಪುರದ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಒಮ್ಮೆ ಕಚೇರಿಯವರ ಜೊತೆ ಮಾಲವಣದ ಕಡಲಿಗೆ ಹೋದಾಗ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ ನೀರಿಗಿಳಿಸಿದರು. ಅಲ್ಲಿಂದ ಹಿಡಿದ ಹುಚ್ಚು. ಮೊದಮೊದಲು ಮುಳುಗಿದರೆ ಸಾಕಿತ್ತು. ಬರಬರುತ್ತ ನೀರೊಳಗೆ ಫೋಟೊ ತೆಗೆಯದಿದ್ದರೆ ಉಂಡಂತೆಯೇ ಆಗುತ್ತಿರಲಿಲ್ಲ. “ನಮ್ಮ ನಳಕ್ಕ ನಾಕ ದಿನಕ್ಕೊಮ್ಮಿ ನೀರ ಬರತಾವ, ನಿಮಗ ನೋಡಿದ್ರ ಸಮುದ್ರದ ಹುಚ್ಚ!” ಎಂದು ಹೆಂಡತಿ ಚುಚ್ಚುತ್ತಿದ್ದಳು. ಏಳು ವರ್ಷ ತೆಗೆದೆ. ನಾನೇ ಮೆಚ್ಚುವಂಥ ಫೋಟೊ ಒಂದೂ ಬರಲಿಲ್ಲ.

ಒಂದು ಸಲ ಕಡಲಿನಿಂದ ದಣಿದು ಮನೆ ಸೇರಿದ ಬೆಳಿಗ್ಗೆಯೇ ಮಲ್ಲಪ್ಪಕಾಕಾ ಫೋನ್ ಮಾಡಿದರು. ಅವರು ಅಕ್ಕಲಕೋಟ ತಾಲೂಕಿನ ನಾಗಣಸೂರ ಕಡೆಯವರು, ನಮ್ಮ ಮನೆಗೆ ಕಂಬಳಿ ತಂದುಕೊಡುವ ಕುರಿಗಾರರು, ಕುರಿಗಾರರ ದೇವರಾದ ಬೀರೋಬನ ಪೂಜಾರಿ. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯುವ ಬಾವಿಯಲ್ಲೇ ದೇವರ ಹಿತ್ತಾಳೆ ಮುಖವನ್ನೂ ತೊಳೆಯುವುದು ಅವರ ಮನೆತನದ ರೂಢಿ. ಎಣ್ಣೆ, ಭಂಡಾರದ ಅರಿಸಿನ ಮೆತ್ತಿದ ಕೈಯನ್ನು ಮೊದಲು ಬೂದಿಯಿಂದ ತಿಕ್ಕಿಕೊಳ್ಳಬೇಕು. ಆ ಸಲ ಮರೆತರು. ದೇವರ ಮುಖ ಕೈಯಿಂದ ಜಾರಿ ತಳ ಸೇರಿತು. ಈಜುಗಾರರೂ ತಡಕಾಡಿ ಸೋತಿದ್ದರು.

“ದೇವರು ನೀರಾಗ ಕುಂತಾನ, ನಾ ಹೆಂಗ ಉಣ್ಣಲಿ? ಮೂರ ದಿನ ಆತು. ನೀವು ಬರ್ರಿ.”

ಎಪ್ಪತ್ತು ದಾಟಿದ ಜೀವ, ಅದರ ಮೇಲೆ ಸಕ್ಕರೆ ಕಾಯಿಲೆ. ಇಲ್ಲವೆನ್ನಲಾಗಲಿಲ್ಲ. ಆದರೂ ಕ್ಯಾಮೆರಾ ಮರೆಯಲಿಲ್ಲ, ಅಷ್ಟು ನಾಚಿಕೆಗೇಡಿ ನಾನು.

ಮಧ್ಯಾಹ್ನ, ಕಡಲಿಗೆ ಒಯ್ದಿದ್ದ ಸಿಲಿಂಡರನ್ನೇ ಕಟ್ಟಿಕೊಂಡು ಬಾವಿಗಿಳಿದೆ. ಒಬ್ಬನೇ ಮುಳುಗಬಾರದೆಂಬುದು ನಮ್ಮ ಮೊದಲ ಪಾಠ, ಆದರೆ ಅಲ್ಲಿ ಜೊತೆಗೆ ಇಳಿಯುವವರು ಯಾರಿದ್ದರು? ಕೆಸರಿನಲ್ಲಿ ನನ್ನ ಕೈಯೇ ನನಗೆ ಕಾಣಲಿಲ್ಲ. ತಡಕಿದೆ, ಫ್ಲಾಶ್ ಹಾಕಿ ಐದು ಸಲ ಕ್ಲಿಕ್ಕಿಸಿದೆ, ಬರಿಗೈಯಲ್ಲಿ ಮೇಲೆ ಬಂದೆ. ಮೆಟ್ಟಿಲ ಮೇಲಿದ್ದ ಕಾಕಾ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

ಅಲ್ಲೇ ಕುಳಿತು ಫೋಟೊಗಳನ್ನು ನೋಡಿದೆ. ನಾಲ್ಕು ಬರೀ ಮಣ್ಣಿನ ಬಣ್ಣ. ಐದನೆಯದರಲ್ಲಿ ನೀರು ತಿಳಿಯಾಗಿತ್ತು, ಅದರಲ್ಲಿ ನಾನಿದ್ದೆ. ಕೆಸರಿನಲ್ಲಿ ಮೊಣಕಾಲೂರಿ, ಎರಡೂ ಕೈಯಲ್ಲಿ ಇದೇ ಕ್ಯಾಮೆರಾ ಹಿಡಿದಿದ್ದೆ. ಕನ್ನಡಕದ ಗಾಜಿನೊಳಗೆ ಕಣ್ಣು ಮುಚ್ಚಿದ್ದವು. ನನ್ನ ಬೆನ್ನ ಹಿಂದೆ, ಕುಸಿದ ಮೆಟ್ಟಿಲ ಸಂದಿಯಲ್ಲಿ, ಹಿತ್ತಾಳೆಯ ಮೂಗು ಹೊಳೆಯುತ್ತಿತ್ತು.

ಹೆದರಲು ಸಹ ತ್ರಾಣವಿರಲಿಲ್ಲ. ಉಳಿದ ಗಾಳಿಯಲ್ಲಿ ಮತ್ತೆ ಇಳಿದು ಆ ಸಂದಿಗೆ ಕೈ ಹಾಕಿದೆ. ದೇವರು ಅಲ್ಲೇ ಇದ್ದ.

ಕಾಕಾ ಅವನನ್ನು ಎದೆಗವಚಿಕೊಂಡು ಮಗುವಿನಂತೆ ಅತ್ತರು. ಅವರ ಹೆಂಡತಿ ಗಂಗವ್ವ ಮೊದಲು ಗಂಡನ ಬಾಯಿಗೆ ಒಂದು ತುತ್ತು ರೊಟ್ಟಿ ಇಟ್ಟಳು. ಆಮೇಲೆ ಫೋಟೊ ತೋರಿಸಿದೆ.

“ದೇವರೇ ಫೋಟೊ ತೆಗದಾನ ಬಿಡ್ರಿ,” ಎಂದರು ಕಾಕಾ ನಿರಾಳವಾಗಿ.

“ಕಾಕಾ, ಅಂವ ನನ್ನ ಬೆನ್ನ ಹಿಂದ ಅದಾನ. ಫೋಟೊ ತೆಗದಿದ್ದು ಮುಂದಿಂದ.”

ಅವರು ಮತ್ತೊಮ್ಮೆ ನೋಡಿದರು. ಅಗಿಯುತ್ತಿದ್ದ ಬಾಯಿ ನಿಂತಿತು. ಕ್ಯಾಮೆರಾ ನನಗೆ ವಾಪಸು ಕೊಟ್ಟರು.

ತಿಳಿದವರಿಗೂ ತೋರಿಸಿದ್ದೇನೆ. ಪ್ರತಿಬಿಂಬ ಎಂದವರಿದ್ದಾರೆ, ಕಂಪ್ಯೂಟರಿನ ಕೈಚಳಕ ಎಂದು ನಕ್ಕವರಿದ್ದಾರೆ. ಎಲ್ಲರೂ ಒಪ್ಪುವ ಮಾತು ಒಂದೇ: ಬೆಳಕು, ನೆರಳು, ದೂರ, ಎಲ್ಲ ಹದವಾಗಿ ಕೂಡಿದ ಫೋಟೊ ಅದು. ನಾನು ತೆಗೆಯಬೇಕೆಂದಿದ್ದ ಫೋಟೊ. ತೆಗೆದವನು ನಾನಲ್ಲ.

ಆಮೇಲೆ ಎರಡು ಸಲ ಕಡಲಿಗೆ ಹೋದೆ. ಕ್ಯಾಮೆರಾ ಎತ್ತಲು ಕೈ ಏಳಲಿಲ್ಲ. ಎದುರಿನ ನೀರಿನಲ್ಲಿ ಯಾರೋ ನನಗಿಂತ ಮೊದಲೇ ಎತ್ತಿದ್ದಾರೆ ಅನ್ನಿಸುತ್ತದೆ.