ಹಿಂದಿನ ರಾತ್ರಿಯ ಕಾಗದ

2005ರ ಫೆಬ್ರವರಿ ತಿಂಗಳ ಅಮಾವಾಸ್ಯೆಯ ರಾತ್ರಿ, ಒಂದು ಗಂಟೆ ಹನ್ನೆರಡು ನಿಮಿಷಕ್ಕೆ, ನಿವೃತ್ತ ವಿಜ್ಞಾನ ಮೇಷ್ಟ್ರು ಮಹದೇವಸ್ವಾಮಿಯವರ ಮೇಲೆ ಅವರದೇ ಹೊಲದಲ್ಲಿ ನಾಲ್ವರು ದೊಣ್ಣೆ ಹಿಡಿದು ಬಿದ್ದರು. ನಲವತ್ನಾಲ್ಕು ನಿಮಿಷದ ನಂತರ ಮೈಸೂರಿನ ದಾರಿಯಲ್ಲಿ ಮೇಷ್ಟ್ರು ತೀರಿಕೊಂಡರು. ಹೊಲದಲ್ಲೂ ದಾರಿಯಲ್ಲೂ ನಾನು ಅವರ ಜೊತೆಗಿದ್ದೆ.

ಇಷ್ಟನ್ನು ಅಂದೇ ಪತ್ರಿಕೆಗೆ ಬರೆದು ಕಳಿಸಿದೆ. ಅಂದು ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ. ಓದುವವರಿಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು. ನಂಜನಗೂಡಿನಲ್ಲಿ ಕೂತು ಮೈಸೂರಿನ ಪತ್ರಿಕೆಯೊಂದಕ್ಕೆ ಹದಿನಾಲ್ಕು ವರ್ಷ ವರದಿ ಮಾಡಿದವನು ನಾನು. ದೆವ್ವ, ಮಾಟ, ಬೆವರುವ ವಿಗ್ರಹ, ಇಂಥ ಯಾವುದನ್ನೂ ನಂಬಿದವನಲ್ಲ. ಬದನವಾಳಿನ ಕಡೆ ಪಾಳುಮನೆಯೊಂದರಲ್ಲಿ ರಾತ್ರಿ ಹೆಂಗಸೊಬ್ಬಳು ಬುಸುಗುಟ್ಟುತ್ತಾಳೆ ಎಂಬ ಸುದ್ದಿ ಬಂದಾಗ ಹೋಗಿ, ಜಂತೆಯ ಸಂದಿನಲ್ಲಿದ್ದ ಗೂಬೆ ಮರಿಗಳನ್ನು ಊರವರಿಗೆ ತೋರಿಸಿ ಬಂದಿದ್ದೆ. ಕಾರಣ ಸಿಗದ ಘಟನೆ ಎಂದರೆ ಸರಿಯಾಗಿ ವಿಚಾರಿಸದ ಘಟನೆ ಎಂದೇ ನನ್ನ ಲೆಕ್ಕವಾಗಿತ್ತು.

ಮೇಷ್ಟ್ರ ಊರು ನಂಜನಗೂಡು ಮತ್ತು ತಿ. ನರಸೀಪುರದ ನಡುವೆ, ಕಪಿಲೆಯಿಂದ ಮೂರು ಮೈಲಿ ಒಳಗೆ. ಊರ ಹೆಸರು ಬೇಡ. ನಿವೃತ್ತರಾದ ಮೇಲೆ ಅವರು ಮೂರು ವರ್ಷ ಕೂತು ಗಾಜು ಉಜ್ಜಿ ಕನ್ನಡಿ ಮಾಡಿ, ಒಂದು ದೂರದರ್ಶಕ ಕಟ್ಟಿಕೊಂಡಿದ್ದರು. ನಕ್ಷತ್ರದ ಮುಂದೆ ಅದರದೇ ಗ್ರಹ ಹಾದುಹೋದರೆ ಬೆಳಕು ಒಂದು ಚೂರು ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಹಿಡಿಯಬೇಕು ಎಂಬುದು ಅವರ ಆಸೆ. ಜೊತೆಗೆ ಇನ್ನೊಂದು ಹುಚ್ಚು. ನಕ್ಷತ್ರಗಳು ಸಣ್ಣಗೆ ಕಂಪಿಸುತ್ತಿರುತ್ತವಂತೆ, ಆ ಕಂಪನದಿಂದ ಅವುಗಳ ಒಳಗು ತಿಳಿಯುತ್ತದಂತೆ.

"ಹಲಸಿನಣ್ಣ ತಟ್ಟಿ ನೋಡಾಕಿಲ್ವಾ, ಅಂಗೇ ಕಣ್ರೀ," ಎಂದಿದ್ದರು ಮೇಷ್ಟ್ರು. "ಆದ್ರೆ ಇದ್ನ ನಾವು ತಟ್ಟಂಗಿಲ್ಲ. ಅದೇ ನಡುಗ್ತಾ ಇರ್ತದೆ. ನಡುಗೋದ್ ನೋಡಿ ಒಟ್ಟೇಲಿ ಏನದೆ ಅಂತ ಏಳ್ಬೋದು."

ಊರಿನ ಬೀದಿದೀಪದ ಬೆಳಕು ತಾಗದ ದಿಬ್ಬವೊಂದು ಅವರ ಹೊಲದಲ್ಲಿತ್ತು. ದಿಬ್ಬದ ಮೇಲೆ ಒಂದು ಪಾಳುಮಂಟಪ. ಅದರ ಪಕ್ಕದಲ್ಲಿ ನಾಲ್ಕಡಿ ಆಳದ ಗುಂಡಿ ತೋಡಿಸಿ, ಕಲ್ಲು ಸಿಮೆಂಟಿನ ಕಂಬ ಎಬ್ಬಿಸಿ, ಅದರ ಮೇಲೆ ದೂರದರ್ಶಕ ಕೂರಿಸಿದ್ದರು. ಸುತ್ತ ನಡೆದಾಡಿದರೂ ಅಲುಗಬಾರದೆಂದು ಕಂಬದ ಸುತ್ತ ಮರಳು ತುಂಬಿಸಿದ್ದರು. ಅಲ್ಲಿಂದ ಒಂದು ತಂತಿ ಮಂಟಪದೊಳಗಿನ ಯಂತ್ರಕ್ಕೆ ಹೋಗುತ್ತಿತ್ತು. ಅದು ನಂಜನಗೂಡಿನ ಕಾರ್ಖಾನೆಯೊಂದರ ಗುಜರಿಯಲ್ಲಿ ಸಿಕ್ಕಿದ್ದು; ಹೃದಯದ ಬಡಿತ ಬರೆಯುವ ಆಸ್ಪತ್ರೆಯ ಯಂತ್ರದಂತೆ, ಉರುಳುವ ಕಾಗದದ ಮೇಲೆ ಪೆನ್ನಿನಿಂದ ಗೆರೆ ಎಳೆಯುತ್ತದೆ. ಕಾಗದ ನಿಮಿಷಕ್ಕೆ ಒಂದು ಸೆಂಟಿಮೀಟರ್ ಸಾಗುತ್ತದೆ. ನಕ್ಷತ್ರದ ಬೆಳಕಿದ್ದಷ್ಟು ಎತ್ತರಕ್ಕೆ ಗೆರೆ. ದೂರದರ್ಶಕಕ್ಕೆ ಏಟು ಬಿದ್ದರೆ ನಕ್ಷತ್ರ ಬೆಳಕು ಅಳೆಯುವ ಕಿಂಡಿಯಿಂದ ಜಾರಿ, ಪೆನ್ನು ತಟ್ಟನೆ ಕೆಳಗೆ ಬಿದ್ದು ಮೇಲೇಳುತ್ತದೆ. ರೇಡಿಯೋದ ಒಂಬತ್ತು ಗಂಟೆಯ ವಾರ್ತೆಗೆ ಗಡಿಯಾರ ಹೊಂದಿಸಿ, ಗಂಟೆಗೊಮ್ಮೆ ಕಾಗದದ ಮೇಲೆ ಪೆನ್ಸಿಲಿನಿಂದ ಹೊತ್ತು ಗುರುತು ಹಾಕುವುದು ಮೇಷ್ಟ್ರ ಪದ್ಧತಿ.

ಊರವರು ಕಂಡದ್ದು ಬೇರೆ. ನಿಧಿ ತೆಗೆಯುವವರು ಅಮಾವಾಸ್ಯೆಯ ಸುಮಾರಿಗೆ, ಪಾಳುಮಂಟಪದ ಹತ್ತಿರ, ಆಳವಾಗಿ ಅಗೆಯುತ್ತಾರೆ. ಚಂದ್ರನಿಲ್ಲದ ಕತ್ತಲು ಬೇಕೆಂದು ಮೇಷ್ಟ್ರು ಹೋಗುತ್ತಿದ್ದುದೂ ಆ ದಿನಗಳಲ್ಲೇ. ಕಣ್ಣಿಗೆ ಬೆಳಕು ಕುಕ್ಕಬಾರದೆಂದು ಅವರು ಟಾರ್ಚಿಗೆ ಕೆಂಪು ಕಾಗದ ಸುತ್ತಿರುತ್ತಿದ್ದರು. ಕಂಬ ಎಬ್ಬಿಸಿದ ದಿನ ಅವರ ಹೆಂಡತಿ ಸೌಭಾಗ್ಯಮ್ಮ ಹಟ ಹಿಡಿದು ಪೂಜೆ ಮಾಡಿಸಿ, ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆಸಿದ್ದರು. ಅದರ ಹೋಳುಗಳು ಗುಂಡಿಯ ಅಂಚಿನಲ್ಲೇ ಒಣಗಿದ್ದವು. ಆ ತಿಂಗಳು ಪಕ್ಕದ ಊರೊಂದರಲ್ಲಿ ನಿಧಿಗಳ್ಳರು ಹಳೆಯ ಬಸವನ ಕಲ್ಲನ್ನು ಒಡೆದಿದ್ದರು. ಸುತ್ತಲ ಹಳ್ಳಿಗಳ ಗಂಡಸರು ರಾತ್ರಿ ಕಾವಲು ತಿರುಗುತ್ತಿದ್ದರು.

ಮೇಷ್ಟ್ರ ಬಗ್ಗೆ ಬರೆಯೋಣವೆಂದು ನಾನು ಹೋದದ್ದು ಅಮಾವಾಸ್ಯೆಯ ದಿನ ಸಂಜೆ. ಕಾಫಿ ಕುಡಿಯುವಾಗ ಅವರು ಹಿಂದಿನ ರಾತ್ರಿಯ ಕಾಗದವನ್ನು ಮಂಚದ ಮೇಲೆ ಬಿಡಿಸಿ ತೋರಿಸಿದರು. ಸಮನಾಗಿ ಸಾಗಿದ ಗೆರೆ ಒಂದು ಕಡೆ ಏಳು ಸಲ ಕೆಳಗೆ ಬಿದ್ದಿತ್ತು. ಮೊದಲು ಎರಡು. ಒಂದು ನಿಮಿಷಕ್ಕೂ ಹೆಚ್ಚು ಅಂತರ. ಆಮೇಲೆ ಒಂದರ ಹಿಂದೆ ಒಂದು ಮೂರು. ಸ್ವಲ್ಪ ಬಿಟ್ಟು ಮತ್ತೆ ಎರಡು. ಪಕ್ಕದಲ್ಲಿ ಮೇಷ್ಟ್ರ ಪೆನ್ಸಿಲ್ ಬರಹ: "1.16. ಗಾಳಿಯಿಲ್ಲ. ಯಾರೂ ಮುಟ್ಟಿಲ್ಲ. ತಂತಿ ನೋಡಬೇಕು." ಕಾಗದದ ಮುಂದಿನ ಭಾಗದಲ್ಲಿ, ಎರಡು ಗಂಟೆಯ ಗುರುತಿನ ಮೇಲೇ, ಒಂದೇ ಒಂದು ಸಲ ಗೆರೆ ಬಿದ್ದಿತ್ತು. ಅಲ್ಲಿ "ಮತ್ತೊಂದು" ಎಂದು ಬರೆದಿದ್ದರು.

"ನಮ್ ನಕ್ಷತ್ರುಕ್ಕೆ ಬಿಕ್ಕಳ್ಕೆ ಬಂದದೆ ಕಣ್ರೀ," ಎಂದು ನಕ್ಕರು.

"ಬಿಕ್ಕಳ್ಕೆ ಅಂತೆ! ನಿಮ್ ತಂತಿ ಸರಿ ಮಾಡ್ಕಳಿ ಮೊದ್ಲು," ಎಂದರು ಸೌಭಾಗ್ಯಮ್ಮ ಒಳಗಿನಿಂದ. ಆಮೇಲೆ ಹೊರಗೆ ಬಂದು ನನ್ನ ಕಡೆ ತಿರುಗಿ, "ನಾನೂ ಅಲ್ಲೇ ಇದ್ದೆ ಕನಣ್ಣ. ಒಂದ್ ಎಲೆ ಅಳ್ಳಾಡ್ನಿಲ್ಲ. ಇವತ್ತು ನೀವಿದ್ದೀರಲ್ಲ, ನಾನು ಓಗಾಕಿಲ್ಲ, ಮಲೀಕತೀನಿ," ಎಂದರು.

ಪತ್ರಿಕೆಗೆ ಫೋಟೋ ತೆಗೆಸಲೆಂದು ಆ ಕಾಗದವನ್ನು ಮೇಷ್ಟ್ರು ನನಗೆ ಕೊಟ್ಟರು. ಸುತ್ತಿ ಚೀಲದಲ್ಲಿ ಇಟ್ಟುಕೊಂಡೆ. ದಿಬ್ಬಕ್ಕೆ ಹೋದ ಮೇಲೆ ಅವರು ನನ್ನ ಎದುರೇ ಹಳೆಯ ತಂತಿ ತೆಗೆದು ಹೊಸದು ಹಾಕಿದರು. ಅದೇ ನಕ್ಷತ್ರ. ಯಾವುದೇ ನಕ್ಷತ್ರ ದಿನಕ್ಕೆ ನಾಲ್ಕು ನಿಮಿಷ ಮುಂಚಿತವಾಗಿ ಅದೇ ಜಾಗಕ್ಕೆ ಬರುತ್ತದೆ ಎಂದು ಹೇಳಿಕೊಟ್ಟರು. ನನ್ನ ಕೈಗಡಿಯಾರವನ್ನೂ ರೇಡಿಯೋಗೆ ಹೊಂದಿಸಿಕೊಂಡೆ.

ಒಂದು ಗಂಟೆಯ ಗುರುತನ್ನು ಅವರೇ ಬಂದು ಹಾಕಿ ಹೋದರು. ನಾನು ಮಂಟಪದಲ್ಲಿ, ನೆಲದ ಮೇಲಿದ್ದ ಯಂತ್ರದ ಪಕ್ಕ, ಕೆಂಪು ಟಾರ್ಚು ಇಟ್ಟುಕೊಂಡು ಕಂಬಳಿ ಹೊದ್ದು ಕೂತಿದ್ದೆ. ಬಂದವರು ಮಾತಿಲ್ಲದೆ ಬಂದರು. ಇಬ್ಬರು ನನ್ನನ್ನು ಹಿಡಿದು ಮುಖವನ್ನು ನೆಲಕ್ಕೆ ಒತ್ತಿದರು. ಹೊರಗೆ ಒಬ್ಬ, "ಯಾವನ್ಲಾ ಅವ್ನು? ನಿಧಿ ತಗಿಯಾಕ್ ಬಂದಿದ್ದೀಯಾ?" ಎಂದು ಕೂಗಿದ. ಮೇಷ್ಟ್ರು ಮಂಕಿ ಕ್ಯಾಪ್ ಹಾಕಿದ್ದರು. ಓಡಬಹುದಿತ್ತು. ಅವರು ದೂರದರ್ಶಕವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. ಏಟು ಬಿತ್ತು. ಇನ್ನೊಂದು.

"ನಾನು ಕಣ್ರೋ. ಮಾದೇವ್‌ಸ್ವಾಮಿ. ಮೇಷ್ಟ್ರು."

ಏಟು ನಿಂತಿತು.

"ಲೇ, ಮೇಷ್ಟ್ರು ಕಣ್ಲಾ," ಎಂದಿತು ಒಂದು ದನಿ.

"ಮೇಷ್ಟ್ರಾದ್ರೇನ್ಲಾ? ಊರ್ಗೇ ದ್ರೋಹ ಬಗ್ದವ್ನೆ. ಅಲ್ ನೋಡು, ಪಟ್ಣದೋನ್ನ ಕರ್ಕಬಂದು ಕೂರ್ಸವ್ನೆ."

ಪಟ್ಟಣದವನು ನಾನು. "ಪೇಪರ್‌ನವನು" ಎಂದು ಕೂಗಲು ಹೋದೆ, ಬಾಯಲ್ಲಿ ಮಣ್ಣಿತ್ತು. ಮೂರು ಏಟು ಬಿದ್ದವು. ಮೂಳೆ ಮುರಿದ ಸದ್ದು ಮಂಟಪದೊಳಗೆ ಕೇಳಿತು. ಮೇಷ್ಟ್ರು ಕೈ ಬಿಡಲಿಲ್ಲ. ಮತ್ತೆ ಎರಡು. ದೂರದರ್ಶಕ ಕಂಬದಿಂದ ಉರುಳಿ ಕನ್ನಡಿ ಒಡೆಯಿತು. ನನ್ನ ಕಣ್ಣಿನಿಂದ ಒಂದು ಗೇಣು ದೂರದಲ್ಲಿ, ಕೆಂಪು ಬೆಳಕಿನಲ್ಲಿ, ಪ್ರತಿ ಏಟಿಗೂ ಪೆನ್ನು ಕೆಳಗೆ ಬೀಳುತ್ತಿದ್ದುದನ್ನು ನೋಡಿದೆ. ಆ ಹೊತ್ತಿನಲ್ಲಿ ನನಗೆ ಸಂಜೆಯ ಕಾಗದ ನೆನಪಾಯಿತು ಎಂದರೆ ಸುಳ್ಳಾಗುತ್ತದೆ. ಏನೂ ನೆನಪಾಗಲಿಲ್ಲ.

ಹೊಡೆದವರು ಓಡಿದರು. ಮೇಷ್ಟ್ರ ತಲೆಯ ಎಡಭಾಗ ಕುಸಿದಿತ್ತು. "ಕನ್ನಡಿ," ಎಂದರು, ಅಷ್ಟೇ. ನಾನು ಊರಿಗೆ ಓಡಿ ಕೂಗಿ ಎಬ್ಬಿಸಿದೆ. ಟೊಮೇಟೊ ಸಾಗಿಸುವ ಟೆಂಪೋ ಒಂದು ಸಿಕ್ಕಿತು. ಸೌಭಾಗ್ಯಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅವರ ಸೀರೆಯಿಂದ ರಕ್ತ ಇಳಿದು ಟೆಂಪೋದ ತಗಡಿನ ಮೇಲೆ ಹರಿಯಿತು. ದಾರಿಯಲ್ಲಿ ಉಸಿರು ನಿಂತಿತು. ವೃತ್ತಿಯ ಅಭ್ಯಾಸದಿಂದ ಗಡಿಯಾರ ನೋಡಿದೆ. ಒಂದು ಐವತ್ತಾರು.

ಬೆಳಿಗ್ಗೆ ಪೊಲೀಸರು ಮಹಜರು ಮಾಡಿ ಆ ರಾತ್ರಿಯ ಕಾಗದವನ್ನು ವಶಪಡಿಸಿಕೊಂಡರು. ವಾರದೊಳಗೆ ಅದೇ ಊರಿನ ನಾಲ್ವರು ಸಿಕ್ಕಿಬಿದ್ದರು. ಹತ್ತು ದಿನದ ನಂತರ ಠಾಣೆಯಲ್ಲಿ ಇನ್‌ಸ್ಪೆಕ್ಟರು ಅದನ್ನು ನನಗೆ ತೋರಿಸಿ, ಯಾವುದು ಯಾವ ಏಟು ಎಂದು ಕೇಳಿದರು. ಎರಡು, ಅಂತರ, ಮೂರು, ಎರಡು. ಆಗ ನೆನಪಾಯಿತು. ಅವರು ಫೋನಿಗೆಂದು ಹೊರಗೆ ಹೋದಾಗ ಚೀಲದಿಂದ ಹಿಂದಿನ ರಾತ್ರಿಯ ಕಾಗದ ತೆಗೆದು, ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಹಿಡಿದೆ. ಏಳೂ ಗುರುತುಗಳು ಒಂದರ ಮೇಲೊಂದು ಕೂತವು. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಹಿಂದಿನ ರಾತ್ರಿ ಗುರುತುಗಳು ಶುರುವಾದದ್ದು ಒಂದು ಹದಿನಾರಕ್ಕೆ. ಏಟು ಬಿದ್ದ ರಾತ್ರಿ ಒಂದು ಹನ್ನೆರಡಕ್ಕೆ. ನಾಲ್ಕು ನಿಮಿಷ ಮುಂಚೆ. ಎಂದರೆ ಎರಡೂ ಸಲ ನಕ್ಷತ್ರ ಆಕಾಶದಲ್ಲಿ ಅದೇ ಜಾಗದಲ್ಲಿತ್ತು. ಏಟು ಬಿದ್ದ ರಾತ್ರಿಯ ಕಾಗದ ಏಳನೇ ಗುರುತಿಗೆ ಮುಗಿದಿತ್ತು, ದೂರದರ್ಶಕವೇ ಬಿದ್ದಿತ್ತಲ್ಲ. ಹಿಂದಿನ ರಾತ್ರಿಯದರಲ್ಲಿ ಎಂಟನೆಯದು ಇತ್ತು, ಎರಡು ಗಂಟೆಗೆ. ಅದರಲ್ಲಿ ನಾಲ್ಕು ನಿಮಿಷ ಕಳೆದೆ. ಒಂದು ಐವತ್ತಾರು.

ಕಾರಣ ಹುಡುಕದೆ ಬಿಡಲಿಲ್ಲ. ಆ ನಾಲ್ವರೇ ಹಿಂದಿನ ರಾತ್ರಿಯೂ ಬಂದಿದ್ದರೇ ಎಂದು ವಿಚಾರಿಸಿದೆ. ಅವರು ಆ ರಾತ್ರಿ ಚಿಕ್ಕಯ್ಯನಛತ್ರ ಎಂಬ ಊರಿನಲ್ಲಿ ನೆಂಟರ ಮದುವೆಯಲ್ಲಿದ್ದರು. ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ನಾನೇ ಹಾಕಿ ನೋಡಿದೆ. ಮೇಷ್ಟ್ರು ತೆಗೆದುಹಾಕಿದ್ದ ಹಳೆಯ ತಂತಿಯನ್ನು ರೇಡಿಯೋ ರಿಪೇರಿಯವನಿಗೆ ತೋರಿಸಿದೆ; ಅದರಲ್ಲಿ ದೋಷವಿರಲಿಲ್ಲ. ಎರಡು ಕಾಗದಗಳ ಜೆರಾಕ್ಸನ್ನು ಬೆಂಗಳೂರಿನ ಒಬ್ಬ ಖಗೋಳ ವಿಜ್ಞಾನಿಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, ನಕ್ಷತ್ರ ಹೀಗೆ ಕಂಪಿಸುವುದಿಲ್ಲ, ಕಾಕತಾಳೀಯ ಎನ್ನುವುದನ್ನು ಬಿಟ್ಟು ಬೇರೇನೂ ಹೇಳಲಾರೆ ಎಂದರು.

ಈ ನಡುವೆ ಮೊಕದ್ದಮೆ ಶುರುವಾಯಿತು. ಕತ್ತಲಲ್ಲಿ ಗುರುತು ಸಿಗಲಿಲ್ಲ, ನಿಧಿಗಳ್ಳನೆಂದು ಹೊಡೆದೆವು, ಮೇಷ್ಟ್ರೆಂದು ತಿಳಿದ ಕೂಡಲೇ ಬಿಟ್ಟೆವು ಎಂಬುದು ಆರೋಪಿಗಳ ವಾದ. ಹೆಸರು ಹೇಳಿದ ಮೇಲೂ ಐದು ಏಟು ಬಿದ್ದವು ಎಂಬುದಕ್ಕೆ ಇದ್ದದ್ದು ನನ್ನ ಮಾತು ಮತ್ತು ಆ ಕಾಗದ. ಎರಡು ಏಟು, ಒಂದು ನಿಮಿಷಕ್ಕೂ ಹೆಚ್ಚಿನ ಅಂತರ, ಆಮೇಲೆ ಐದು. ಕಾಗದ ಸಾಕ್ಷಿಯಾಗಿ ನಿಂತರೆ ಅದು ಕೊಲೆ.

ಬೆಂಗಳೂರಿನ ಆ ವಿಜ್ಞಾನಿಯನ್ನು ಬಿಟ್ಟರೆ, ಹಿಂದಿನ ರಾತ್ರಿಯ ಕಾಗದದ ವಿಷಯ ಗೊತ್ತಿದ್ದದ್ದು ನನಗೆ ಮತ್ತು ಸೌಭಾಗ್ಯಮ್ಮನವರಿಗೆ. ನನ್ನ ಸಾಕ್ಷ್ಯದ ಹಿಂದಿನ ದಿನ ಅವರು ನಂಜನಗೂಡಿಗೆ ಬಸ್ಸಿನಲ್ಲಿ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ.

"ಅದ್ನ ಒಲೆಗಾಕ್ಬುಡಿ ಅಣ್ಣ."

ನಾನು ನೀರಿನ ಲೋಟವನ್ನು ಬದಿಗೆ ಸರಿಸಿದೆ.

"ಎಸ್ರು ಏಳುದ್ ಮೇಲೂ ಒಡುದ್ರು. ಅದು ನಿಜ ತಾನೆ?"

"ನಿಜ ಅಮ್ಮ."

"ಮತ್ತೆ? ಆ ಕಾಗ್ದ ಯಾರ್ಗೆ ಬೇಕು?"

ಸುಡುವುದಿಲ್ಲ, ಆದರೆ ಯಾರೂ ಕೇಳದೆ ನಾನಾಗಿ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಎದ್ದು ಹೋದರು.

ಮರುದಿನ ಮೈಸೂರಿನ ನ್ಯಾಯಾಲಯದಲ್ಲಿ ಆರೋಪಿಗಳ ವಕೀಲರು ನನ್ನನ್ನು ಎರಡು ತಾಸು ಪ್ರಶ್ನಿಸಿದರು. ನೆಲಕ್ಕೆ ಮುಖ ಒತ್ತಿಸಿಕೊಂಡು ಬಿದ್ದಿದ್ದವನು ಏಟು ಎಣಿಸಿದ್ದು ಹೇಗೆ ಎಂದರು. ಎಣಿಸಲಿಲ್ಲ, ಕಾಗದದಲ್ಲಿದೆ ಎಂದೆ. ಅವರು ಕೂರಲು ಹೊರಟವರು ತಿರುಗಿ ನಿಂತು, ಯಾರೂ ಹೊಡೆಯದೆ ಆ ಯಂತ್ರ ಹಿಂದೆಂದಾದರೂ ಇಂಥ ಗುರುತು ಬರೆದದ್ದುಂಟೇ ಎಂದು ಕೇಳಿದರು. ಉತ್ತರ ಗೊತ್ತಿದ್ದು ಕೇಳಿದ್ದಲ್ಲ. ಮುಖದಲ್ಲಿ ಅದು ಕಾಣುತ್ತಿತ್ತು. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಸೌಭಾಗ್ಯಮ್ಮ ಮೂರನೇ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು.

ಉಂಟು ಎಂದೆ.

ಎರಡು ಕಾಗದವೂ ದಾಖಲೆಗೆ ಸೇರಿದವು. ಹೊಡೆತವಿಲ್ಲದೆಯೂ ಯಂತ್ರ ಅವೇ ಗುರುತುಗಳನ್ನು ಬರೆದಿರುವುದರಿಂದ ಅದರ ಮೇಲೆ ಭರವಸೆ ಇಡಲಾಗದು ಎಂದು ತೀರ್ಪಿನಲ್ಲಿ ಬರೆಯಲಾಯಿತು. ಕೊಲೆ ಸಾಬೀತಾಗಲಿಲ್ಲ. ಗುರುತು ತಪ್ಪಿ ಮಾಡಿದ ಹಲ್ಲೆಯಿಂದಾದ ಸಾವು ಎಂದು ಕಡಿಮೆ ಶಿಕ್ಷೆಯಾಯಿತು.

ಇಷ್ಟು ವರ್ಷವಾದರೂ ಆ ಎರಡು ಕಾಗದಗಳಿಗೆ ನನ್ನ ಬಳಿ ವಿವರಣೆಯಿಲ್ಲ. ಸರ್ಕಾರದ ಮೇಲ್ಮನವಿ ವಜಾ ಆಯಿತು. 2009ರಲ್ಲಿ ನಾಲ್ವರೂ ಬಿಡುಗಡೆಯಾಗಿ ಊರಿಗೆ ಮರಳಿದರು. ಇಬ್ಬರ ಮನೆ ಸೌಭಾಗ್ಯಮ್ಮನವರ ಬೀದಿಯಲ್ಲೇ ಇದೆ; ಮೂರು ಮನೆಗೂ ನೀರು ಒಂದೇ ನಲ್ಲಿಯಿಂದ.