ಕಳಿಸದೆ ಉಳಿದ ಹಾಲಿನ ಡಬ್ಬಗಳು

ಆ ಚಳಿಗಾಲದಲ್ಲಿ ನಾನು ಒಂದು ಕಡೆ ನೆಮ್ಮದಿಯಾಗಿ ಕೂತದ್ದೇ ನೆನಪಿಲ್ಲ. ಮಗಳಿಗೆ ಐದು ತಿಂಗಳು. ಆಫೀಸಿಗೆ ರಜೆ ಹಾಕಿ ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನ ಬಾಡಿಗೆ ಮನೆಯಲ್ಲಿದ್ದೆ. ಗಂಡ ಬೆಳಿಗ್ಗೆ ಏಳರ ಬಸ್ಸು ಹಿಡಿದರೆ ಮರಳುತ್ತಿದ್ದದ್ದು ಸಂಜೆಗೇ. ಹೆರಿಗೆಯಾದ ಆರನೇ ವಾರಕ್ಕೆ ನನ್ನ ಎದೆಹಾಲು ಬತ್ತಿಹೋಗಿತ್ತು. ಮೆಂತ್ಯ, ಸಬ್ಬಸಿಗೆ, ಬೆಳ್ಳುಳ್ಳಿ ಎಂದು ತುಮಕೂರಿನಿಂದ ಅಮ್ಮ ಫೋನಿನಲ್ಲಿ ಹೇಳಿದ್ದನ್ನೆಲ್ಲ ತಿಂದೆ, ಬರಲಿಲ್ಲ. ಮಗಳು ಡಬ್ಬದ ಪುಡಿಹಾಲು ಕುಡಿದು ಗುಂಡುಗುಂಡಗೆ ಬೆಳೆಯುತ್ತಿದ್ದಳು. ಆದರೂ ಬಾಟಲಿ ಹಿಡಿದಾಗಲೆಲ್ಲ ಏನೋ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು.

ಹಾಗೆ ಬಾಟಲಿ ಹಿಡಿದು ಕೂತಿದ್ದ ಒಂದು ಮಧ್ಯಾಹ್ನ ಟಿವಿಯಲ್ಲಿ ಯೆಮೆನ್ ಯುದ್ಧದ ಸುದ್ದಿ ಬಂತು. ಊರು ಬಿಟ್ಟು ಓಡಿಬಂದ ಕುಟುಂಬಗಳ ಡೇರೆಗಳು. ಒಬ್ಬ ನರ್ಸ್ ಮಗುವೊಂದರ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುತ್ತಿದ್ದಳು. ಅಳತೆ ಕೆಂಪಿನಲ್ಲಿ ನಿಂತಿತು; ಮಗು ಹಸಿವಿನಿಂದ ತೀರಾ ಸೊರಗಿದೆ ಎಂದರ್ಥವಂತೆ. ನಾನು ಮಗಳನ್ನು ಮಲಗಿಸಿ ಅಡುಗೆಮನೆಗೆ ಹೋಗಿ ಕಪಾಟು ತೆರೆದೆ. ಐದು ಡಬ್ಬ ಸಾಲಾಗಿದ್ದವು. ಅಲ್ಲೇ ನಿಂತು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಬರೆದೆ: ಆ ಮಕ್ಕಳಿಗೆ ಹಾಲಿನ ಪುಡಿ ಕಳಿಸೋಣ, ಕೈಲಾದಷ್ಟು ಕೊಡಿ.

ಜನ ಕೊಟ್ಟರು. ಸೂಪರ್‌ಮಾರ್ಕೆಟ್ಟಿನಲ್ಲಿ ಆಗ ಒಬ್ಬರಿಗೆ ಇಷ್ಟೇ ಡಬ್ಬ ಎಂಬ ಮಿತಿ ಇತ್ತು. ಊರಿನ ಇನ್ನೊಂದು ತುದಿಯ ಬಾಟನಿ ಡೌನ್ಸ್‌ನಲ್ಲಿದ್ದ ಮೈಸೂರಿನ ಆಂಟಿಯೊಬ್ಬರು ವಾಕಿಂಗ್ ನೆಪದಲ್ಲಿ ದಿನಾ ಮಾಲ್‌ಗೆ ಹೋಗಿ ಎರಡೆರಡು ತಂದು ಕೂಡಿಹಾಕಿದರು. ಹತ್ತು ದಿನದಲ್ಲಿ ನಮ್ಮ ಗ್ಯಾರೇಜು ತುಂಬಿ ಕಾರು ರಸ್ತೆಗೆ ಬಂತು. ಗಂಡನ ಪರಿಚಯದವರೊಬ್ಬರು ಸರಕು ಸಾಗಿಸುವ ಕೆಲಸದಲ್ಲಿದ್ದರು. ಆ ಕಡೆ ಹೋಗುವ ಕಂಟೇನರಿನಲ್ಲಿ ಜಾಗ ಕೊಡಿಸುತ್ತೇನೆ, ಅಲ್ಲಿ ಇಳಿಸಿಕೊಂಡು ಹಂಚುವವರನ್ನು ನೀವು ಹುಡುಕಿ ಎಂದರು.

ಹಾಗೆ ಹುಡುಕುವಾಗ ಸಿಕ್ಕವರು, ಇಲ್ಲಿನ ಕನ್ನಡದವರೆಲ್ಲ ಅಕ್ಕ ಎಂದೇ ಕರೆಯುವ ಹೆಂಗಸೊಬ್ಬರು. ವಿಜಯಪುರದ ಕಡೆಯವರು, ಐವತ್ತು ದಾಟಿದ್ದರು. ಆಕ್ಲೆಂಡಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸ್. ಎರಡು ಸಲ ರಜೆ ಹಾಕಿ ಯೆಮೆನ್‌ನ ಡೇರೆಗಳಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿ ಬಂದಿದ್ದರು. ಫೋನು ಮಾಡಿದ ಶನಿವಾರವೇ ಬಂದರು.

ಗ್ಯಾರೇಜಿನ ಬಾಗಿಲು ಎತ್ತಿ ತೋರಿಸಿದೆ. ಹೊಗಳುತ್ತಾರೆಂದು ಕಾಯುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅವರು ಒಂದು ಡಬ್ಬ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು, ಇದ್ದಲ್ಲೇ ಇಟ್ಟರು.

"ಇದನ್ನ ಕಲಸಾಕ ನೀರು ಎಲ್ಲಿಂದ ತರ್ತಾರ, ತಂಗಿ?"

"ಕುದಿಸಿದ್ರೆ ಆಯ್ತಲ್ವಾ ಅಕ್ಕ?"

"ಕುದಿಸಾಕ ಕಟಗಿ ಬೇಕು. ಅಲ್ಲೆ ರೊಟ್ಟಿ ಬೇಯಿಸಾಕ ಕಟಗಿ ಇಲ್ಲ."

ಒಳಗೆ ಬಂದು ಚಹಾ ಕುಡಿಯುತ್ತ ನಿಧಾನವಾಗಿ ಹೇಳಿದರು. ಟ್ಯಾಂಕರಿನ ನೀರು ಕೊಳಕು ಕ್ಯಾನಿನಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಬಾಟಲಿ ತೊಳೆಯಲು ಆಗುವುದಿಲ್ಲ. ಡಬ್ಬ ಬೇಗ ಮುಗಿಯದಿರಲಿ ಎಂದು ತಾಯಂದಿರು ಪುಡಿ ಕಡಿಮೆ ಹಾಕಿ ನೀರು ಹೆಚ್ಚು ಬೆರೆಸುತ್ತಾರೆ. ಮಗು ಬಾಟಲಿಗೆ ಒಗ್ಗಿದರೆ ತಾಯಿಯ ಹಾಲು ಬತ್ತುತ್ತದೆ. ಅಷ್ಟರಲ್ಲಿ ಡಬ್ಬವೂ ಮುಗಿಯುತ್ತದೆ. ಯಾರೋ ಒಳ್ಳೆಯ ಮನಸ್ಸಿನಿಂದ ಡಬ್ಬ ಹಂಚಿ ಹೋದ ಮೇಲೆ ಒಬ್ಬ ತಾಯಿ, ಪರದೇಶದ ಹಾಲು ತನ್ನದಕ್ಕಿಂತ ಒಳ್ಳೆಯದೆಂದು ನಂಬಿ, ಎದೆಹಾಲು ಬಿಡಿಸಿದ್ದಳಂತೆ. ವಾಂತಿಭೇದಿಯಾದ ಮಗುವನ್ನು ಅಕ್ಕನ ಡೇರೆಗೆ ಹೊತ್ತುತಂದಳು. ಮಗು ಉಳಿಯಲಿಲ್ಲ. ಇದನ್ನು ಹೇಳುವಾಗ ಅಕ್ಕನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ತಾಯಿಯಿಲ್ಲದ ಮಕ್ಕಳಿಗೆ ಪುಡಿಹಾಲು ಬೇಕೇ ಬೇಕು, ಆದರೆ ಅದನ್ನು ಅಲ್ಲಿನವರೇ, ಶುದ್ಧ ನೀರಿನ ಜೊತೆ, ಕಣ್ಣೆದುರಿಗೇ ಕುಡಿಸುತ್ತಾರೆ ಎಂದರು.

ನನಗೆ ಸಿಟ್ಟು ಬಂತು. ಪಕ್ಕದಲ್ಲೇ ಮಗಳು ಬಾಟಲಿ ಚೀಪುತ್ತಿದ್ದಳು.

"ಹಾಗಾದ್ರೆ ನನ್ನ ಮಗಳಿಗೆ ನಾನು ಕೊಡ್ತಿರೋದೇನು, ವಿಷಾನಾ?"

ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. "ನಿನ್ನ ನಳದಾಗ ಬರೂ ನೀರು ಬ್ಯಾರೆ. ನಿನ್ನ ಕೂಸು ಇದನ್ನ ಕುಡದು ಬೆಳದೈತಿ, ನೀ ಏನೂ ತಪ್ಪು ಮಾಡಿಲ್ಲ. ಅಲ್ಲೀ ತಾಯಂದಿರಿಗೆ ಮಾತ್ರ ಇದನ್ನ ಕಳಸಬ್ಯಾಡ."

ಅವರು ಹೋದ ಮೇಲೆ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿ, ಸೋನೆ ಹಿಡಿದರೂ ನಿಲ್ಲದೆ, ಬಸ್‌ ರಸ್ತೆಯುದ್ದಕ್ಕೂ ನಡೆದೆ. ಹಿಂದಿರುಗಿ ಮನೆ ಬಾಗಿಲು ತೆರೆದು, ಒಳಗೆ ಹೋಗಲಾರದೆ ಮತ್ತೆ ಹೊರಟೆ. ಅಷ್ಟರಲ್ಲಿ ಇನ್ನೂ ಡಬ್ಬಗಳು ಬಂದವು. ಸರಕಿನವರು ಗುರುವಾರ ಟ್ರಕ್ ಕಳಿಸುತ್ತೇನೆಂದು ಫೋನು ಮಾಡಿದರು. ಸುಮ್ಮನೆ ಕಳಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಎಲ್ಲರೂ ಶಭಾಶ್ ಅನ್ನುತ್ತಾರೆ. ಹಾಗೆ ಯೋಚಿಸಿದ್ದೂ ನಿಜ, ಒಂದು ಸಲವಲ್ಲ. ಬುಧವಾರ ಮಧ್ಯಾಹ್ನ ಟ್ರಕ್ ಬೇಡವೆಂದು ಹೇಳಿದೆ. ಅವರು ಕಾರಣ ಕೇಳಿದರು. ಹೇಳುವಷ್ಟರಲ್ಲಿ ಅತ್ತುಬಿಟ್ಟೆ.

ಗುಂಪಿಗೂ ಬರೆದೆ. ಮೊದಲೇ ವಿಚಾರಿಸಬೇಕಿತ್ತು ಎಂದು ಒಬ್ಬರು ಎಲ್ಲರೆದುರು ಬರೆದರು. ಸರಿಯಾದ ಮಾತೇ. ಕೆಲವರು ಮನೆಗೆ ಬಂದು ತಮ್ಮ ಡಬ್ಬ ತೆಗೆದುಕೊಂಡು ಹೋದರು. ಮೈಸೂರಿನ ಆಂಟಿಯ ಮನೆಗೆ ನಾನೇ ಕಾರಿನಲ್ಲಿ ಒಯ್ದೆ. ಅವರು ಬಾಗಿಲಲ್ಲೇ ನಿಂತಿದ್ದರು.

"ಪ್ರೀತಿಯಿಂದ ಕೊಟ್ಟಿದ್ದಮ್ಮ. ವಾಪಸ್ ತಂದ್ರೆ ನಾನೇನಂತ ತಿಳ್ಕೊಳ್ಳಿ?"

ಅಕ್ಕ ಹೇಳಿದ್ದನ್ನು ಹೇಳಿದೆ, ಆ ಮಗುವಿನ ವಿಷಯವನ್ನೂ. ಕೇಳಿ ಅವರು ಒಳಗೆ ಹೋದರು. ಹಿಂದಿರುಗಿ ಬರುತ್ತಾರೋ ಇಲ್ಲವೋ ತಿಳಿಯದೆ ಹೊಸಿಲಿನಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ನೀರು ತಂದುಕೊಟ್ಟರು. ಡಬ್ಬಗಳನ್ನು ಮಾತ್ರ ಮುಟ್ಟಲಿಲ್ಲ. ನಮ್ಮಿಬ್ಬರ ನಡುವೆ ಅದಾದ ಮೇಲೆ ಮೊದಲಿನ ಸಲಿಗೆ ಬರಲಿಲ್ಲ; ಎದುರಿಗೆ ಸಿಕ್ಕರೆ ನಗುತ್ತಾರೆ, ಅಷ್ಟೇ.

ಮಿಕ್ಕವನ್ನೆಲ್ಲ ಇಲ್ಲಿನ ಬಡ ಕುಟುಂಬಗಳಿಗೆ ದಿನಸಿ ಹಂಚುವ ಕೇಂದ್ರಕ್ಕೆ ಕೊಟ್ಟೆವು. ಒಂದು ಭಾನುವಾರ ಸಮುದಾಯ ಭವನದಲ್ಲಿ ಅಕ್ಕ ಮಾತಾಡಿದರು: ತಾಯಿಗೆ ಊಟ ಕೊಡಿ, ಕುಡಿಯುವ ನೀರು ಕೊಡಿ, ನೆರಳಿನಲ್ಲಿ ಕೂತು ಹಾಲೂಡಿಸಲು ಒಂದು ಡೇರೆ ಕೊಡಿ, ಮಗು ಉಳಿಯುತ್ತದೆ. ಡಬ್ಬ ಕೊಟ್ಟವರಲ್ಲಿ ಅರ್ಧದಷ್ಟು ಜನವೂ ಬಂದಿರಲಿಲ್ಲ. ಬಂದವರು ಅಂಥ ಡೇರೆಗಳಿಗೆ ನೆರವು ಕೊಡಲು ಒಪ್ಪಿದರು.

ಸೆಪ್ಟೆಂಬರಿನಲ್ಲಿ ಅಕ್ಕ ಮತ್ತೆ ಹೊರಟರು. ನನಗೂ ಹೋಗಬೇಕೆಂಬ ಚಡಪಡಿಕೆ. ಹೋಗಿ ಮಾಡುವುದೇನು, ನನಗೆ ಯಾವ ವಿದ್ಯೆ ಗೊತ್ತು ಎಂಬ ಸಂಕಟ ಬೇರೆ. ತಿಂಗಳ ಮೇಲೆ ಅವರಿಂದ ಒಂದು ಧ್ವನಿ ಸಂದೇಶ ಬಂತು. ಹಾಲು ಬತ್ತಿದ್ದ ಒಬ್ಬ ತಾಯಿಗೆ, ಜೊತೆಯಲ್ಲೇ ಕೂತು ದಿನವೂ ಮಗುವಿಗೆ ಎದೆ ಕೊಡಿಸುತ್ತ ಬಂದಮೇಲೆ, ಹನ್ನೊಂದನೇ ದಿನ ಮತ್ತೆ ಹಾಲು ಬಂದಿದೆಯೆಂದು ಹೇಳಿದ್ದರು. ಕೇಳಿ ಕುಣಿಯುವಷ್ಟು ಸಂತೋಷವಾಯಿತು; ಬೆನ್ನಿಗೇ, ನನಗೇಕೆ ಬರಲಿಲ್ಲ ಎಂಬ ಹೊಟ್ಟೆಕಿಚ್ಚೂ ಆಯಿತು. ಅಷ್ಟೂ ದಿನ ಅವಳ ಜೊತೆ ಕೂತಿದ್ದವರು ನೀವೇನಾ ಅಕ್ಕ ಎಂದು ಕೇಳಿ ಕಳಿಸಿದೆ.

ಎರಡು ದಿನದ ಮೇಲೆ ಉತ್ತರ ಬಂತು. "ನಾ ಅಲ್ಲ ತಂಗಿ. ಬಾಜೂ ಡೇರೆದಾಕಿ. ಅವತ್ತ ಹೇಳಿದ್ನಲ್ಲ, ತನ್ನ ಕೂಸು ಕಳಕೊಂಡಾಕಿ."