ತೊಟ್ಟಿಲಿಗೆ ಬಗ್ಗಿ ನೋಡುವವರು

ಹೊಸನಗರದಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಬಂದು ನೋಡದೆ ಕೇರಿಯ ಯಾವ ಮಗುವಿನ ನಾಮಕರಣವೂ ಮುಗಿಯುತ್ತಿರಲಿಲ್ಲ. ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು ತೊಟ್ಟಿಲಿಗೆ ಬಗ್ಗುವರು. ಮೂಗು, ಹಣೆ, ಕಾಲ್ಬೆರಳು ಎಲ್ಲವನ್ನೂ ಮನೆಯವರಿಗೆ ಹಂಚಿಬಿಡುವರು. "ಮೂಗು ಅತ್ತೇದು. ಬೇರೆ ಮಾತೇ ಇಲ್ಲ!" ಬಾಣಂತಿಯ ಮುಖ ಸಪ್ಪಗಾದರೂ ತೀರ್ಪು ಬದಲಾಗದು.

ಅಗಲ ಕಿವಿಯ ಅವರ ಯಜಮಾನರಿಗೆ ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟದ ಕಾಯಿಲೆ. ಹಲ್ಲು ಕೀಳಿಸಿದ ಗಾಯದ ರಕ್ತ ನಿಲ್ಲದೆಯೇ ತೀರಿಹೋದರು. ಆ ಕಾಯಿಲೆ ಮಗಳನ್ನು ಕಾಡದಿದ್ದರೂ ಅವಳ ಗಂಡುಮಕ್ಕಳಿಗೆ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಆಗಲೇ ಹೇಳಿದ್ದರು.

ಮಗಳಿಗೆ ಗಂಡುಮಗುವಾಯಿತು. ತೊಟ್ಟಿಲ ಸುತ್ತ ನಿಂತ ನಾವು, "ಯಾರ ಹಾಗಿದಾನೆ, ಹೇಳಿ ದೊಡ್ಡಮ್ಮ" ಎಂದೆವು. ಅವರು ಕನ್ನಡಕ ಒರೆಸಲೇ ಇಲ್ಲ. ಕುಲಾವಿಯನ್ನು ಮಗುವಿನ ಕಿವಿ ಮುಚ್ಚುವಂತೆ ಕೆಳಗೆಳೆದರು. "ಯಾರ ಹಾಗೂ ಇಲ್ಲ. ಸುಮ್ನಿರಿ."

ಮುಂದೆ ಶಿವಮೊಗ್ಗದಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಮಗುವಿಗೆ ಕಾಯಿಲೆ ಇಲ್ಲವೆಂದು ರಿಪೋರ್ಟ್ ಬಂದ ದಿನ ದೊಡ್ಡಮ್ಮ ಅವನನ್ನು ಎತ್ತಿಕೊಂಡೇ ನಮ್ಮ ಅಡುಗೆಮನೆಗೆ ನುಗ್ಗಿದರು. ನನ್ನೆದುರೇ ಕುಲಾವಿ ಬಿಚ್ಚಿದರು. ಅಗಲವಾದ ಎರಡು ಕಿವಿಗಳು ಹೊರಬಂದವು.

"ನೋಡೇ, ಕಿವಿ ಅಜ್ಜಂದು" ಎಂದರು. ಆಮೇಲೆ ಮೆಲ್ಲಗೆ, "ಕಿವಿ ಮಾತ್ರ."